ಪಿಂಗಾಣಿ ಕಪ್ಪಿನಲ್ಲಿ ಬ್ರಾಂದಿ

ನಾಲ್ಕು ಸ್ಕ್ರೂಗಳಲ್ಲಿ ಒಂದು ಸೊಟ್ಟಗೆ ಕೂತಿದೆ, ಬಲಗಡೆ ಕೆಳಗಿನದು, ಹಿತ್ತಾಳೆಯ ಫಲಕ ಎಷ್ಟು ಹೊಳೆದರೂ ಅವಳ ಕಣ್ಣು ಆ ಸ್ಕ್ರೂವಿನ ಮೇಲೇ ನಿಂತಿತ್ತು, ಅಕ್ಷರಗಳ ಕಡೆ ಹೋದರೆ ಹೊಟ್ಟೆಯೊಳಗೆ ಬೆಂಕಿ ಬೀಳುತ್ತದೆ — ಜನನಾಯಕರಾದ ಹಿರಿಯರು ಸೆರೆಮನೆಯಲ್ಲಿದ್ದಾಗ ತಾವೇ ಕಲ್ಪಿಸಿಕೊಂಡ ಪಾನೀಯ, ಬಿಡುಗಡೆಯ ನಂತರ ಈ ಹೋಟೆಲಿನ ಇದೇ ಬಾರಿನಲ್ಲಿ ಮೊದಲ ಬಾರಿಗೆ ತಯಾರಾಯಿತು — ತಯಾರಾಯಿತಂತೆ, ತನ್ನಷ್ಟಕ್ಕೆ ತಾನೇ, ಅಣಬೆ ಎದ್ದ ಹಾಗೆ, ಮಾಡಿದ ಕೈ ಅಂತ ಒಂದು ಇರಲೇ ಇಲ್ಲ. ಬೆಳಗಿನ ಹತ್ತು ಗಂಟೆ, ಕುರ್ಚಿಗಳು ಇನ್ನೂ ಮೇಜುಗಳ ಮೇಲೆ ಕಾಲು ಮೇಲೆ ಮಾಡಿಕೊಂಡು ಮಲಗಿವೆ, ಒರೆಸಿದ ನೆಲದಿಂದ ಫಿನೈಲ್ ವಾಸನೆ, ಮೂರು ಕಾಲಿನ ಮೇಲೆ ಕ್ಯಾಮೆರಾ, ಅದರ ಹಿಂದೆ ಕೂದಲು ಎತ್ತಿ ಕಟ್ಟಿದ ಒಂದು ಹುಡುಗಿ, ಪಕ್ಕದಲ್ಲಿ ಅಂಗೈ ಉಜ್ಜಿಕೊಳ್ಳುತ್ತ ಮ್ಯಾನೇಜರ್, ಅವಳ ಅರ್ಧ ವಯಸ್ಸಿನವನು — ಅಕ್ಕಾ, ಸ್ವಲ್ಪ ನಗುಮುಖ ಇರ್ಲಿ, ಹಿರಿಯರ ಸ್ಮಾರಕದಲ್ಲಿ ದಿನಾ ಓಡುತ್ತೆ ಈ ಸಿನಿಮಾ, ನಾವು ನೀವು ಸತ್ತ ಮೇಲೂ ಓಡುತ್ತೆ. ನಗುಮುಖ ಅಂತೆ, ನಿನ್ನ ತಲೆ. ಏನು ಹೇಳಬೇಕು ಅಂತ ನಿನ್ನೆಯೇ ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದಾನೆ, ಹಿರಿಯರೇ ನನಗೆ ಈ ಪಾನೀಯ ಹೇಳಿಕೊಟ್ಟರು, ಅವರ ಸರಳತೆಗೆ ಸಾಕ್ಷಿಯಾಗಿ ಚಹಾ ಕಪ್ಪಿನಲ್ಲೇ ಕುಡಿಯುತ್ತಿದ್ದರು — ಸರಳತೆ! ಹಾಳೆ ಈಗ ಸಿಂಕಿನ ಪಕ್ಕ ನೆನೆಯುತ್ತ ಬಿದ್ದಿದೆ, ಬೀಳಲಿ, ಓದುವ ಅಗತ್ಯವಾದರೂ ಏನು, ಈ ಸುಳ್ಳನ್ನು ಮೂವತ್ತು ವರ್ಷದಿಂದ ಎಷ್ಟು ಗಿರಾಕಿಗಳಿಗೆ ಹೇಳಿದ್ದಾಳೆ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾಳೆ, ಆದರೆ ಗಿರಾಕಿ ಎದ್ದು ಹೋಗುತ್ತಾನೆ, ಮರೆಯುತ್ತಾನೆ, ಇದು ಹೋಗುವುದಿಲ್ಲ, ಇದು ಅವಳದೇ ಬಾಯಿ, ಅವಳದೇ ದನಿ, ಗೋಡೆಯ ಮೇಲೆ, ದಿನಾ.

ಮ್ಯಾನೇಜರನಿಗೆ ದೊಡ್ಡವರು ಅಂದರೆ ಸಾಕು ಬಾಯಲ್ಲಿ ನೀರು, ಪಾನೀಯಗಳ ಹೊಸ ಪಟ್ಟಿಗೆ ನಾಯಕರ ಸಂಜೆ ಅಂತ ಹೆಸರಿಟ್ಟಿದ್ದಾನೆ, ಒಂದೊಂದು ಗ್ಲಾಸಿನ ಕೆಳಗೂ ಒಂದೊಂದು ದೇಶದ ಕಥೆ, ಒಬ್ಬ ಪ್ರಧಾನಿಗೆ ಜಿನ್ನಿನ ಮಾರ್ಟಿನಿಯಲ್ಲಿ ವರ್ಮೂತ್ ವೈನು ಹಾಕುವುದೇ ಬೇಡವಂತೆ, ಬಾಟಲಿಯ ಕಡೆ ಒಮ್ಮೆ ಕಣ್ಣು ಹಾಯಿಸಿದರೆ ಸಾಕಂತೆ, ಇನ್ನೊಬ್ಬ ಅಧ್ಯಕ್ಷನಿಗೆ ಊಟಕ್ಕೆ ಮುಂಚೆ ರಮ್ಮು ನಿಂಬೆಯ ಡೈಕಿರಿಯೇ ಬೇಕಂತೆ, ಮತ್ತೊಬ್ಬ ತನ್ನ ಗೆಳೆಯರಿಗೆ ತಾನೇ ಕಲಸಿ ಕೊಡುತ್ತಿದ್ದನಂತೆ, ಬಾಯಿಗಿಟ್ಟರೆ ಆಗುತ್ತಿರಲಿಲ್ಲವಂತೆ, ಆದರೂ ಆಹಾ ಅನ್ನುತ್ತಿದ್ದರಂತೆ ಎಲ್ಲ — ಎಲ್ಲ ಅಂತೆ ಕಂತೆ. ಅನ್ನದೆ ಏನು ಮಾಡುತ್ತಾರೆ, ಅಧ್ಯಕ್ಷ ಕಲಸಿದ್ದು. ಇಷ್ಟು ಕಥೆಗಳಲ್ಲಿ ಆ ನಿಂಬೆ ಹಿಂಡಿದವರು ಯಾರು, ಐಸು ಒಡೆದವರು ಯಾರು, ಉಪ್ಪು ಸವರಿದಂತೆ ಬೆರಳ ಸಂದಿಯ ಗಾಯ ಉರಿಯುವಾಗ ಒಳಗೆ ನಿಂತು ಗ್ಲಾಸು ಒರೆಸಿದವರು ಯಾರು, ಒಂದು ಸಾಲು ಇಲ್ಲ. ಅವಳು ನಿಂತಿದ್ದಳು ಒಳಗೆ, ಬಾರಿನ ಹಿಂದಿನ ಕೋಣೆಯಲ್ಲಿ, ಮೂರು ವರ್ಷ, ಆಗ ಹೆಂಗಸರು ಕೌಂಟರಿಗೆ ಬರುವ ಹಾಗಿರಲಿಲ್ಲ, ಹೆಣ್ಣು ಕೈ ಸೋಕಿದರೆ ಗಿರಾಕಿಗಳಿಗೆ ಮುಜುಗರ ಅಂತ ಮುದುಕ ಬಾರ್‌ಮನ್ ಹೇಳುತ್ತಿದ್ದ, ಅವನೇ ಊಟಕ್ಕೆ ಹೋದಾಗ ಅವಳ ಕೈಯಲ್ಲೇ ಮಾಡಿಸಿ ಕಿಂಡಿಯಿಂದ ಹೊರಗೆ ತಳ್ಳಿಸುತ್ತಿದ್ದ, ಆಗ ಯಾರಿಗೂ ಮುಜುಗರವಿಲ್ಲ. ಹಾಗೆ ಒಂದು ಮಧ್ಯಾಹ್ನ ಹಿರಿಯರ ಆಪ್ತ ಕಿಂಡಿಯೊಳಗೆ ತಲೆ ತೂರಿಸಿದ್ದು, ತೆಳ್ಳಗೆ, ಯಾವಾಗಲೂ ಕರ್ಚೀಫಿನಲ್ಲಿ ಕತ್ತು ಒರೆಸಿಕೊಳ್ಳುವವನು, ಏನಮ್ಮಾ, ಚಹಾ ಥರ ಕಾಣೋದು ಏನಾದ್ರೂ ಮಾಡಿಕೊಡ್ತೀಯಾ, ಹಿರಿಯರಿಗೆ, ಗಂಟಲು ಸರಿಯಿಲ್ಲ, ಹೊರಗೆ ಪತ್ರಿಕೆಯವರು ಕೂತಿದ್ದಾರೆ. ಅಷ್ಟೇ. ಸೆರೆಮನೆಯೂ ಇಲ್ಲ ಮಣ್ಣೂ ಇಲ್ಲ. ಅವಳು ಮ್ಯಾನ್‌ಹಟನ್ ಕಾಕ್‌ಟೇಲ್ ಮಾಡುವ ಬಗೆಯಲ್ಲೇ ಮಾಡಿದಳು, ವಿಸ್ಕಿ ಇದ್ದ ಕಡೆ ಬ್ರಾಂದಿ, ಸಿಹಿ ವರ್ಮೂತ್, ಕಹಿ ಬಿಟರ್ಸ್ ಎರಡು ಹನಿ, ವಾಸನೆ ಮುಚ್ಚಲು ಶುಂಠಿ ರಸ, ಮೂವತ್ತು ಸುತ್ತು ಕಲಕಿ ಐಸು ಸೋಸಿ ಬಿಳೀ ಪಿಂಗಾಣಿ ಕಪ್ಪಿಗೆ ಸುರಿದರೆ ಹಾಲಿಲ್ಲದ ಚಹಾದ ಬಣ್ಣ, ಬೆಳಕಿಗೆ ಹಿಡಿದರೂ ಗೊತ್ತಾಗದು, ಎಷ್ಟು ಹೆಮ್ಮೆಯಾಗಿತ್ತು ಅಯ್ಯೋ, ಇಪ್ಪತ್ನಾಲ್ಕು ವಯಸ್ಸು, ಕಪ್ಪು ಖಾಲಿಯಾಗಿ ವಾಪಸು ಬಂದಾಗ ತಳವನ್ನು ನೆಕ್ಕಿ ನೋಡಿಕೊಂಡಿದ್ದಳು.

ಹೇಳಬಹುದಿತ್ತು ಯಾರಿಗಾದರೂ, ಆವತ್ತೇ, ಆದರೆ ಆವತ್ತು ಅದು ಬರೀ ಪಾನೀಯ, ಪಾಪ ಅಂತ ಆದದ್ದು ಮುಂದಿನ ತಿಂಗಳು, ಮೈದಾನದಲ್ಲಿ — ನೀನೇ ಫ್ಲಾಸ್ಕಲ್ಲಿ ತಗೊಂಡು ಬಾಮ್ಮಾ, ಎರಡು ಗಂಟೆ ಮಾತಾಡ್ಬೇಕು ಅವರು, ಅಂದ ಆಪ್ತ, ಏನು ಸಭೆ ಎತ್ತ ಸಭೆ ಅಂತ ಇವಳು ಕೇಳಲಿಲ್ಲ, ಹೋಟೆಲಿನ ಕಾರಿನಲ್ಲಿ ಕೂರುವ ಸಂಭ್ರಮ, ವೇದಿಕೆಯ ಹಿಂದಿನ ಪರದೆಯ ಸಂದಿಯಿಂದ ನೋಡಿದರೆ ಮೈದಾನದ ತುಂಬ ಹೆಂಗಸರು, ಬರೀ ಹೆಂಗಸರು, ಮೂರನೇ ಸಾಲಿನಲ್ಲಿ ಅಮ್ಮ. ಅಮ್ಮನ ಎಡಗೈಗೆ ಬ್ಯಾಂಡೇಜು, ಅಪ್ಪ ಬೀದಿ ಕೊನೆಯ ಹೆಂಡದಂಗಡಿಯಿಂದ ಬಂದು ಬಾಗಿಲಿಗೂ ಗೋಡೆಗೂ ನಡುವೆ ಹಾಕಿ ಒತ್ತಿದ ಮಣಿಕಟ್ಟು, ಚಪ್ಪಾಳೆ ತಟ್ಟಲಾಗದೆ ಒಂದೇ ಕೈಯಿಂದ ತೊಡೆ ಬಡಿಯುತ್ತಿದ್ದಳು. ನಾನು ಗೆದ್ದರೆ ನಿಮ್ಮ ಬೀದಿಯಲ್ಲಿ ಒಂದು ಅಂಗಡಿಯೂ ಇರೋದಿಲ್ಲ ತಾಯಂದಿರೇ, ಅಂದರು ಹಿರಿಯರು, ಆಪ್ತ ಪರದೆಯೊಳಗೆ ಕೈ ಚಾಚಿ ಬೇಗ ಬೇಗ ಅಂದ, ಅವಳು ಆ ಮಾತಿನ ಏಟಿಗೆ ಸಣ್ಣ ಜರಡಿ ಹಿಡಿಯುವುದನ್ನೇ ಮರೆತು ಫ್ಲಾಸ್ಕಿನಿಂದ ನೇರ ಸುರಿದುಬಿಟ್ಟಳು, ಐಸಿನ ಚೂರೊಂದು ಜಾರಿ ಕಪ್ಪಿಗೆ ಬಿತ್ತು, ತಾಳಿ ತಾಳಿ ಅನ್ನುವಷ್ಟರಲ್ಲಿ ಕಪ್ಪು ವೇದಿಕೆಯ ಮೇಲೆ, ಮೈಕಿನ ಮುಂದೆ. ನಾನೇ ಬಿಟ್ಟಿದ್ದೀನಿ ನೋಡಿ, ಚಹಾ ಒಂದು ಬಿಟ್ಟು ಬೇರೇನೂ ಮುಟ್ಟೋದಿಲ್ಲ, ಅಂದರು ಹಿರಿಯರು. ಟಿಣ್. ಐಸು ಪಿಂಗಾಣಿಗೆ ತಾಗಿದ್ದು ಇಡೀ ಮೈದಾನಕ್ಕೆ ಕೇಳಿತು, ಹಿರಿಯರು ಒಂದು ಗಳಿಗೆ ಕಪ್ಪಿನೊಳಗೆ ನೋಡಿದರು, ಸಾಸರಿನ ಚಮಚ ತೆಗೆದುಕೊಂಡು ಟಿಣ್ ಟಿಣ್ ಅಂತ ಇನ್ನೂ ಜೋರಾಗಿ ಕಲಕಿದರು, ಆಮೇಲೆ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ತುಟಿಯ ಹತ್ತಿರ ತಂದು ಊದಿದರು. ಆ ತಣ್ಣನೆ ಕಪ್ಪನ್ನು. ತುಟಿ ದುಂಡಗೆ ಮಾಡಿ, ಕಣ್ಣು ಅರ್ಧ ಮುಚ್ಚಿ, ಸುಡುತ್ತದೆಯೇನೋ ಎಂಬ ಹಾಗೆ.

ರಾತ್ರಿ ಅಮ್ಮ ಹೇಳಿದ್ದೇ ಹೇಳಿದ್ದು, ನೀನು ನೋಡ್ಬೇಕಿತ್ತು ಕಣೇ, ಅಷ್ಟು ದೊಡ್ಡ ಮನುಷ್ಯ, ಸಕ್ಕರೆ ಕೂಡ ತಾನೇ ಕಲಸ್ಕೊಂಡ್ರು, ಒಬ್ಬರ ಕೈಲೂ ಮಾಡಿಸ್ಲಿಲ್ಲ, ಬಿಸಿ ಬಿಸಿ ಚಹಾ ಪಾಪ, ಊದ್ಕೊಂಡು ಊದ್ಕೊಂಡು ಕುಡಿದ್ರು, ನಮ್ಮ ಹಾಗೇ. ಅವಳು ಒಲೆಯ ಕಡೆ ಮುಖ ಮಾಡಿ ಹೌದಾ ಅಂದಳು. ಹೌದಾ! ಹೇಳುತ್ತೇನೆ ನಾಳೆ ಅಂದುಕೊಂಡಳು, ಮರುದಿನ ಆಪ್ತ ಬಂದು ಹಿರಿಯರು ನಿನ್ನ ಕೈ ಹೊಗಳಿದರಮ್ಮಾ ಅಂದ, ಆ ವಾರವೇ ಮುದುಕ ಬಾರ್‌ಮನ್ ಮುಖ ಗಂಟು ಹಾಕಿಕೊಂಡು ಅವಳಿಗೆ ಕೌಂಟರಿನಲ್ಲಿ ಜಾಗ ಬಿಟ್ಟುಕೊಟ್ಟ, ಈ ಊರಿಗೇ ಮೊದಲ ಹೆಂಗಸು, ಕಪ್ಪು ಕೋಟು, ಬಟನಿನ ಮೇಲೆ ಹೋಟೆಲಿನ ಮುದ್ರೆ — ಅಮ್ಮ ಆ ಕೋಟನ್ನು ಒಂದೇ ಕೈಯಲ್ಲಿ ಇಸ್ತ್ರಿ ಮಾಡಿದಳು. ಹಿರಿಯರು ಗೆದ್ದರು, ಬೀದಿ ಕೊನೆಯ ಅಂಗಡಿಗೆ ಟೈಲ್ಸು ಬಂತು, ಟ್ಯೂಬ್‌ಲೈಟು ಬಂತು, ಅಪ್ಪ ಇನ್ನೂ ಒಂಬತ್ತು ವರ್ಷ ಅಲ್ಲಿಂದಲೇ ಮನೆಗೆ ಬಂದ, ಅಮ್ಮ ಮಾತ್ರ ಅವರನ್ನ ಸುತ್ತಮುತ್ತಲಿನವರು ಬಿಡ್ಲಿಲ್ಲ ಕಣೇ, ಮನುಷ್ಯ ಒಳ್ಳೆಯವರೇ ಅಂತಲೇ ಸತ್ತಳು, ಸುತ್ತಮುತ್ತಲಿನವರು — ಸುತ್ತಮುತ್ತ ಇದ್ದವಳು ನಾನೇ ಅಲ್ಲವೇನಮ್ಮಾ, ಪರದೆಯ ಹಿಂದೆ, ಫ್ಲಾಸ್ಕು ಹಿಡಿದುಕೊಂಡು. ಇಷ್ಟು ವರ್ಷ ಸಿಟ್ಟೆಲ್ಲ ಅವರ ಮೇಲೆ ಅಂದುಕೊಂಡಿದ್ದಳು, ಅವರ ಮೇಲೂ ಇದೆ, ಬೇಕಾದಷ್ಟಿದೆ, ಆದರೆ ಬೆಳಗ್ಗೆ ಆ ಹಾಳೆ ಓದುವಾಗ ಉರಿದದ್ದು ಬೇರೆ ಜಾಗ.

ಶುರು ಮಾಡೋಣ್ವಾ ಅಮ್ಮಾ, ಅಂದಳು ಕ್ಯಾಮೆರಾ ಹುಡುಗಿ, ಕೆಂಪು ದೀಪ ಹತ್ತಿತು, ಕೈ ತನ್ನಷ್ಟಕ್ಕೆ ಬಾಟಲಿ ಎತ್ತಿತು, ಬ್ರಾಂದಿ, ವರ್ಮೂತ್, ಎರಡು ಹನಿ, ಶುಂಠಿ, ಸುತ್ತು ಎಣಿಸುತ್ತಿದ್ದಾಳೆ, ಹತ್ತು, ಹನ್ನೊಂದು, ಊದುತ್ತಿದ್ದಾರೆ ಅವರು, ಹದಿನೆಂಟು, ಮ್ಯಾನೇಜರ್ ಕ್ಯಾಮೆರಾದ ಪಕ್ಕ ನಿಂತು ತುಟಿ ಆಡಿಸುತ್ತಿದ್ದಾನೆ, ಹಿರಿಯರೇ ನನಗೆ ಹೇಳಿಕೊಟ್ಟರು, ಹೇಳಿಕೊಟ್ಟರು, ಒಂದನೇ ಕ್ಲಾಸಿನ ಮೇಷ್ಟರ ಹಾಗೆ, ಮೂವತ್ತು, ಸೋಸಿದಳು, ಸಣ್ಣ ಜರಡಿ ಹಿಡಿದೇ ಸೋಸಿದಳು, ಒಂದು ಚೂರೂ ಬೀಳಲಿಲ್ಲ. ಇದನ್ನ ಮೊದಲು ಮಾಡಿದ್ದು ಯಾರಮ್ಮಾ, ಅಂದಳು ಹುಡುಗಿ — ನಾನು. ಬಾಯಿಂದ ಬಂದೇಬಿಟ್ಟಿತು, ಎಷ್ಟು ಸಣ್ಣ ಶಬ್ದ. ಮ್ಯಾನೇಜರ್ ಕೆಮ್ಮಿದ. ಮತ್ತೆ ಯಾಕೆ ಚಹಾ ಕಪ್ಪಲ್ಲಿ — ಚಹಾ ಅಂತ ಕಾಣ್ಲಿ ಅಂತ, ಒಳಗಿದ್ದದ್ದು ಬ್ರಾಂದಿ, ಅಂಗಡಿ ಮುಚ್ಚಿಸ್ತೀನಿ ಅಂತ ಭಾಷಣ ಮಾಡುವಾಗಲೂ ಬ್ರಾಂದಿಯೇ, ನಾನೇ ಸುರಿದುಕೊಟ್ಟದ್ದು. ಅಯ್ಯೋ ಅಕ್ಕಾ, ಏನ್ ಅಕ್ಕಾ ಇದು, ನಿಲ್ಸಿ, ನಿಲ್ಸಿ, ಕೆಲಸ ಹೋಗುತ್ತೆ ಇಬ್ಬರದೂ, ಅಂತ ಮ್ಯಾನೇಜರ್ ಕ್ಯಾಮೆರಾಕ್ಕೆ ಕೈ ಅಡ್ಡ ತಂದ, ಹುಡುಗಿ ಆ ಕೈಯನ್ನು ನೊಣ ಓಡಿಸಿದ ಹಾಗೆ ಸರಿಸಿ, ಸ್ವಲ್ಪ ಸುಮ್ನಿರಿ ಸಾರ್, ಅಂದಳು, ದೀಪ ಕೆಂಪಗೇ ಇದೆ, ಹೇಳಿ ಅಮ್ಮಾ, ಯಾರಿಗೆ ಹಾಗೆ ಕಾಣ್ಲಿ ಅಂತ?

ಯಾರಿಗೆ — ನಮ್ಮಮ್ಮನಿಗೆ, ಅಂದಳು, ಅದರ ಮುಂದಿನದು ಬರಬೇಕು, ಮೈದಾನ ಬರಬೇಕು, ಜರಡಿ, ಮಣಿಕಟ್ಟು, ಹೌದಾ ಅಂದದ್ದು, ಎಲ್ಲ ಒಂದರ ಹಿಂದೊಂದು ಬರಬೇಕು, ಆದರೆ ಯಾವುದೂ ಕದಲುತ್ತಿಲ್ಲ, ಹಿರಿಯರ ತುಟಿ ದುಂಡಗಾಗಿದೆ, ಕಣ್ಣು ಅರ್ಧ ಮುಚ್ಚಿದೆ, ಮೂರನೇ ಸಾಲಿನಲ್ಲಿ ಅಮ್ಮ ತಾನೂ ತುಟಿ ದುಂಡಗೆ ಮಾಡಿದ್ದಾಳೆ, ಅಯ್ಯೋ ಸುಡುತ್ತೆ ಪಾಪ ಅಂತ, ಅವರು ಊದುತ್ತಿದ್ದಾರೆ, ಅಮ್ಮನೂ ಅಲ್ಲಿಂದಲೇ ಊದುತ್ತಿದ್ದಾಳೆ, ಆ ತಣ್ಣನೆ ಕಪ್ಪನ್ನು.