ಮರಿಗೆಯಲ್ಲಿ ಕಾಣದ ಬೆಳ್ಳಿ

ಖಾನಾಪುರದಲ್ಲಿ ಮಲಪ್ರಭಾ ಹೊಳೆಗೆ ಬಟ್ಟೆ ಒಗೆಯಲು ಹೋಗುವವರಿಗೆಲ್ಲ ಬೀಬಿಜಾನ ಗೊತ್ತು. ನೀರಿನಂಚಿಗೆ ಕುಕ್ಕರಗಾಲಲ್ಲಿ ಕೂತು, ಮರದ ಮರಿಗೆಯಲ್ಲಿ ಕಸ ತೊಳೆಯುತ್ತಿದ್ದ ಹೆಂಗಸು ಅವಳೇ. ಅದು ಅಂತಿಂಥ ಕಸವಲ್ಲ. ಬೆಳಗಾವಿಯ ಶಹಾಪುರದಲ್ಲಿ ಅಕ್ಕಸಾಲಿಗರು ಗುಡಿಸಿ ಹಾಕಿದ ಅಂಗಡಿಯ ದೂಳು, ಅಂಗಡಿ ಮುಂದಿನ ಗಟಾರದ ಕೆಸರು. ಗಂಡ ಬಾಬಾಜಾನ ವಾರಕ್ಕೊಮ್ಮೆ ಅದನ್ನು ಚೀಲದಲ್ಲಿ ತುಂಬಿ ರೈಲಿನಲ್ಲಿ ತರುತ್ತಿದ್ದ. ಇವಳು ತೊಳೆದು ತೊಳೆದು, ಮರಿಗೆಯ ತಳದಲ್ಲಿ ಉಳಿದ ಬಂಗಾರ ಬೆಳ್ಳಿಯ ಚೂರು ತೆಗೆಯುತ್ತಿದ್ದಳು. ಈ ಕಸುಬಿನವರನ್ನು ಜಲಗಾರರು ಎನ್ನುತ್ತಾರೆ.

ಹದಿನೆಂಟು ವರ್ಷ ಊರವರ ಕೆಸರು ತೊಳೆದು, ಹೊಟ್ಟೆಗೆ ತಿಂದು ಮಿಕ್ಕಿದ್ದು ಎರಡು ಬಂಗಾರದ ಬಳೆ. ಬಳೆ ಇದ್ದದ್ದು ಬೀಬಿಜಾನಳ ಕೈಯಲ್ಲಾದರೂ ಅವು ಮಗಳು ಶಾಹಜಾದಿಯ ಓದಿಗೆಂದು ಇಟ್ಟವು. ಹುಡುಗಿ ಆ ವರ್ಷ ಎಸ್ಸೆಸ್ಸೆಲ್ಸಿಯಲ್ಲಿದ್ದಳು. ಪಾಸಾದರೆ ಬೆಳಗಾವಿಯಲ್ಲಿ ನರ್ಸ್ ತರಬೇತಿ, ಮೂರು ವರ್ಷದ್ದು. ಎರಡು ಬಳೆ ಮಾರಿದರೆ ಎರಡು ವರ್ಷದ ಖರ್ಚು ಕಳೆಯುತ್ತಿತ್ತು. ಮೂರನೆಯ ವರ್ಷಕ್ಕೆ ಏನು ಮಾಡುವುದು ಎಂಬುದೊಂದೇ ಬೀಬಿಜಾನಳ ತಲೆ ತಿನ್ನುತ್ತಿದ್ದ ಚಿಂತೆ.

೧೯೭೯ರ ಕೊನೆಗೆ ಬೆಳ್ಳಿಯ ದರ ಏರತೊಡಗಿತು. ಸಂತೆಯಿಂದ ಸಂತೆಗೆ ಹೊಸ ದರ. ಅದೇ ಹೊತ್ತಿಗೆ ಬೀಬಿಜಾನಳ ಮರಿಗೆಯಲ್ಲಿ ಬೆಳ್ಳಿ ಕಡಿಮೆಯಾಗುತ್ತ ಬಂತು. ಮೊದಲು ಒಂದು ಚೀಲ ಕಸಕ್ಕೆ ಹೆಬ್ಬೆರಳಿನ ಉಗುರಿನಷ್ಟು ಸಿಗುತ್ತಿದ್ದದ್ದು ಈಗ ಜೋಳದ ಕಾಳಿನಷ್ಟೂ ಸಿಗಲಿಲ್ಲ. ಬಂಗಾರ ಮಾತ್ರ ಎಂದಿನಷ್ಟೇ.

"ರೈಲಿನ್ಯಾಗ ಎಲ್ಲಾರೂ ಅದನ್ನ ಮಾತಾಡಾಕತ್ತಾರ," ಎಂದ ಬಾಬಾಜಾನ. "ಬೆಳ್ಳಿ ಗಣಿ ಎಲ್ಲಾ ಖಾಲಿ ಆಗ್ಯಾವಂತ."

"ಅವರು ಹೇಳೂದೇನ್ ಬ್ಯಾಡ. ನನ್ನ ಮರಿಗಿನ ಹೇಳಾಕತ್ತೈತಿ," ಎಂದಳು ಬೀಬಿಜಾನ. "ಜಗತ್ತಿನ್ಯಾಗ ಬೆಳ್ಳಿ ಮುಗೀತು ನೋಡ್ರಿ. ಬಳಿ ಮಾರಿ ಬೆಳ್ಳಿ ತಗೊಳೂಣು. ಮಳಿಗಾಲಕ್ಕ ಎರಡು ಬಳಿ ಮೂರಾಗ್ತಾವ."

ಬಾಬಾಜಾನನಿಗೆ ಧೈರ್ಯ ಬರಲಿಲ್ಲ. "ಶ್ರೀಪಾಲ ಕಾಕಾನ್ನ ಒಂದ್ಸಲ ಕೇಳೂಣು," ಎಂದ.

ಶ್ರೀಪಾಲ ಪಕ್ಕದ ಓಣಿಯ ಜೈನ ಮುದುಕ. ಬೆಳಗಾವಿಯಲ್ಲಿ ಬಂಗಾರ ಬೆಳ್ಳಿ ಮಾರುವ ಸರಾಫರೊಬ್ಬರ ಅಂಗಡಿಯಲ್ಲಿ ಮೂವತ್ತು ವರ್ಷ ತಕ್ಕಡಿ ಹಿಡಿದು ಈಗ ಮನೆಯಲ್ಲಿದ್ದ. ಬೀಬಿಜಾನಳ ಮಾತನ್ನೆಲ್ಲ ಕೇಳಿ ಕಟ್ಟೆಯ ಮೇಲೆ ಜಾಗ ಮಾಡಿಕೊಟ್ಟ.

"ಕುಂದರ್ರಿ. ಬೆಳ್ಳಿ ಮುಗದಿಲ್ಲ ಯವ್ವಾ. ನೆಲದಾಗ ಬಂಗಾರಕ್ಕಿಂತ ಬೆಳ್ಳಿ ಎಷ್ಟೋ ಪಟ್ಟು ಜಾಸ್ತಿ ಐತಿ. ಅದಕ್ಕ ಬಂಗಾರ ತೊಲಿಗಟ್ಟಲೆ ತೂಗ್ತಾರ, ಬೆಳ್ಳಿ ಕಿಲೋಗಟ್ಟಲೆ ತೂಗ್ತಾರ. ಸೀಸ, ತಾಮ್ರ ತೆಗಿಯೂ ಗಣಿಯಾಗೂ ಅದು ಜೋಡಿಲೆ ಬರ್ತೈತಿ."

"ಮತ್ತ ಪ್ಯಾಟ್ಯಾಗ ಯಾಕ ತುಟ್ಟಿ ಆಗೈತ್ರಿ?"

"ದೊಡ್ಡ ದೊಡ್ಡ ಮಂದಿ ಹಿಡಿದಿಟ್ಟಾರಂತ. ಸಣ್ಣ ಮಂದಿ ಅಂಜಿ ಕೊಳ್ಳಾಕತ್ತಾರ. ಆದ್ರ ಪ್ಯಾಟಿಗೆ ಬೆಳ್ಳಿ ಬರೂದು ಬರೇ ನೆಲದಿಂದ ಅಲ್ಲ. ಮನಿ ಮನಿ ಟ್ರಂಕಿನ್ಯಾಗ ಐತಿ. ಕಾಲಗಡಗ, ಉಡದಾರ, ತಾಟು, ದೀಪದ ಸಮಿ. ದರ ಕಡಿಮಿ ಇದ್ದಾಗ ಅವನ್ನ ಯಾರೂ ಹೊರಗ ತೆಗಿಯಂಗಿಲ್ಲ. ದರ ಏರಿತಂದ್ರ ಎಲ್ಲಾ ಅಂಗಡಿಗೆ ಬರ್ತಾವ. ಎಲ್ಲಾರೂ ಮಾರಾಕ ಬಂದ ಮ್ಯಾಲ ದರ ಹೆಂಗ ನಿಲ್ಲತೈತಿ?"

"ಅದೆಲ್ಲಾ ಇರಲಿ ಕಾಕಾ. ನನ್ನ ಮರಿಗ್ಯಾಗ ಯಾಕ ಕಮ್ಮಿ ಆತು, ಅದನ್ನ ಹೇಳ್ರಿ."

"ಅಕ್ಕಸಾಲಿಗರು ಈಗ ಬೆಳ್ಳಿ ಕೆಲಸಕ್ಕೂ ಕೆಳಗ ಬಟ್ಟಿ ಹಾಸಾಕತ್ತಾರ. ಬಂಗಾರದ ಪುಡಿ ಅವರು ಮೊದಲಿಂದಲೂ ಜ್ವಾಕಿಲೆ ಇಟ್ಕೋತಿದ್ರು, ಬೆಳ್ಳೀದು ಬಿದ್ರ ಬೀಳ್ಲಿ ಅಂತಿದ್ರು. ಈಗ ತುಟ್ಟಿ ಆದ ಮ್ಯಾಲ ಅದನ್ನೂ ಝಾಡಿಸಿ ತಗೋತಾರ. ಬೆಳ್ಳಿ ಕಮ್ಮಿ ಆಗಿಲ್ಲ. ನಿನ್ನ ತನಕ ಬರೂದು ಕಮ್ಮಿ ಆಗೈತಿ."

ಎಷ್ಟು ಸರಳವಾದ ಮಾತು. ಆದರೆ ಹದಿನೆಂಟು ವರ್ಷದ ಕೈಚಳಕ ಮನುಷ್ಯನ ಕಿವಿ ಮುಚ್ಚಿಬಿಡುತ್ತದೆ. ಬೀಬಿಜಾನಳಿಗೆ ಸಿಟ್ಟೇ ಬಂತು.

"ನೀವು ತಕ್ಕಡಿ ಹಿಡದೋರು, ಕಾಕಾ. ಕೆಸರಾಗ ಕೈ ಹಾಕಿದೋರಲ್ಲ. ನನ್ನ ಬೆರಳಿಗೆ ಗೊತ್ತೈತಿ."

ಶ್ರೀಪಾಲ ಅವಳ ಕೈಯ ಬಳೆಗಳತ್ತ ನೋಡಿದ. "ಹಂಗಾದ್ರ ಒಂದು ಬಳಿ ಆದ್ರೂ ಕೈಯಾಗ ಇಟ್ಕೊಳವಾ," ಎಂದ. ಅವಳು ಆಗಲೇ ಎದ್ದಿದ್ದಳು.

ಜನವರಿಯಲ್ಲಿ ಗಂಡ ಹೆಂಡತಿ ಬೆಳಗಾವಿಗೆ ಹೋದರು. ಒಂದು ಅಂಗಡಿಯಲ್ಲಿ ಎರಡೂ ಬಳೆ ಮಾರಿ, ಇನ್ನೊಂದು ಅಂಗಡಿಯಲ್ಲಿ ಅಷ್ಟಕ್ಕೂ ಬೆಳ್ಳಿ ಗಟ್ಟಿ ಕೊಂಡರು. ಆ ಅಂಗಡಿಯ ಮೆಟ್ಟಿಲ ಮೇಲೆ ಹೆಂಗಸರ ಸಾಲೇ ಇತ್ತು. ಒಬ್ಬಳ ಸೆರಗಿನಲ್ಲಿ ಕಾಲಗಡಗ, ಇನ್ನೊಬ್ಬಳ ಚೀಲದಲ್ಲಿ ಬೆಳ್ಳಿ ತಾಟು. ಬೀಬಿಜಾನಳಿಗೆ ಅವರನ್ನು ಕಂಡು ಅಯ್ಯೋ ಅನಿಸಿತು.

"ಯಾಕ ಮಾರ್ತಿ ತಂಗಿ?" ಎಂದು ಕಾಲಗಡಗದವಳನ್ನು ಕೇಳಿದಳು. "ಬೆಳ್ಳಿ ಇನ್ನ ಮುಂದ ಸಿಗಂಗಿಲ್ಲ."

"ಇಂಥಾ ದರ ಇನ್ನ ಮುಂದ ಸಿಗಂಗಿಲ್ಲ ಅಕ್ಕಾ. ಅದಕ್ಕ ಮಾರಾಕತ್ತೀನಿ," ಎಂದಳು ಅವಳು.

ಶ್ರೀಪಾಲ ಹೇಳಿದ ಟ್ರಂಕುಗಳೆಲ್ಲ ಅಲ್ಲಿ ಕಣ್ಣೆದುರಿಗೇ ತೆರೆದಿದ್ದವು. ಬೀಬಿಜಾನ ಅವನ್ನು ದಾಟಿಕೊಂಡು ಒಳಗೆ ಹೋದಳು. ಹದಿನೆಂಟು ವರ್ಷದ ಬಂಗಾರ ಒಂದು ಮಧ್ಯಾಹ್ನದಲ್ಲಿ ಬೆಳ್ಳಿಯಾಯಿತು. ಖಾಲಿ ಕೈ ಹಗುರವಾಗಿತ್ತು, ರೈಲಿನಲ್ಲಿ ಅವಳು ಅದನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡೇ ಬಂದಳು.

ಬೇಸಿಗೆ ಬರುವಷ್ಟರಲ್ಲಿ ದರ ಬೀಳತೊಡಗಿತು. ಮೊದಲ ವಾರ ಅವಳು ನಂಬಲಿಲ್ಲ. ಆಮೇಲೆ, ಇಂದಲ್ಲ ನಾಳೆ ಏರುತ್ತದೆ ಎಂದಳು. ಬಾಬಾಜಾನ ಮಾರೋಣ ಎಂದಾಗಲೆಲ್ಲ, ಇನ್ನೆಂಟು ದಿನ ನೋಡೂಣು ಎಂದಳು. ಗಟ್ಟಿ ಅಕ್ಕಿ ಡಬ್ಬಿಯಲ್ಲಿ ಕೂತಿತ್ತು, ದರ ಇಳಿಯುತ್ತಲೇ ಇತ್ತು. ಬಂಗಾರ ಮಾತ್ರ ಇನ್ನಷ್ಟು ತುಟ್ಟಿಯಾಯಿತು.

ಜೂನ್‌ನಲ್ಲಿ ಶಾಹಜಾದಿಗೆ ತರಬೇತಿಯ ಪತ್ರ ಬಂತು. ಹತ್ತು ದಿನದೊಳಗೆ ಹಣ ಕಟ್ಟಿ ಸೇರಬೇಕು. ಬೀಬಿಜಾನ ಗಟ್ಟಿ ಸುತ್ತಿಕೊಂಡು ಬೆಳಗಾವಿಗೆ ಓಡಿದಳು. ಅಂಗಡಿಯವನು ಉಜ್ಜಿ ನೋಡಿದ, ತೂಗಿದ, ಕರಗಿಸುವ ಸವಕಳಿ ಎಂದು ಒಂದಿಷ್ಟು ಮುರಿದುಕೊಂಡ. ಎರಡು ಬಳೆ ಕೊಟ್ಟು ತಂದ ಬೆಳ್ಳಿಗೆ ಬಂದದ್ದು ಒಂದು ಬಳೆಯ ಹಣ. ಅಂದರೆ ಮೂರು ವರ್ಷದ ಓದಿಗೆ ಒಂದು ವರ್ಷದ ಖರ್ಚು.

ಮನೆಯಲ್ಲಿ ಶಾಹಜಾದಿ ಪತ್ರ ಮಡಚುತ್ತ ಕೇಳಿದಳು, "ಒಂದು ವರ್ಷ ಕಲಿತು ಬಿಟ್ರ ಸಿಸ್ಟರ್ ಅಂತಾರೇನಮ್ಮಾ?"

ಬೀಬಿಜಾನ ಬೆಳ್ಳಿಯ ಹಣವನ್ನು ಅಕ್ಕಿ ಡಬ್ಬಿಯಲ್ಲಿಟ್ಟು ಮುಚ್ಚಿದಳು. ಹತ್ತು ದಿನ ಕಳೆದವು. ಪಟ್ಟಿಯಲ್ಲಿ ಶಾಹಜಾದಿಯ ಕೆಳಗಿದ್ದ ಹುಡುಗಿಗೆ ಆ ಜಾಗ ಹೋಯಿತು. ಹೊಳೆಯ ದಂಡೆಗೆ ಈಗ ಎರಡು ಮರಿಗೆ ಬರತೊಡಗಿದವು.

ಮಳೆಗಾಲ ಮುಗಿದ ಮೇಲೆ ಒಂದು ದಿನ ಶಾಹಜಾದಿ ತೊಳೆದ ಮರಿಗೆಯನ್ನು ತಾಯಿಯ ಮುಂದೆ ಹಿಡಿದಳು. ತಳದಲ್ಲಿ ಬಿಳಿ ಹೊಳಪು. ಹೆಬ್ಬೆರಳಿನ ಉಗುರಿನಷ್ಟು ಬೆಳ್ಳಿ. ಮರುವಾರದ ಚೀಲದಲ್ಲೂ ಅಷ್ಟೇ. ದರ ಇಳಿದಿತ್ತು, ಅಕ್ಕಸಾಲಿಗರು ಬಟ್ಟೆ ಹಾಸುವುದನ್ನು ಬಿಟ್ಟಿದ್ದರು.

ಆ ಎರಡನೆಯ ಚೀಲ ತೊಳೆದ ಸಂಜೆ ಬೀಬಿಜಾನ ಗಂಡನನ್ನು ಕರೆದುಕೊಂಡು ಶ್ರೀಪಾಲನ ಕಟ್ಟೆಗೆ ಹೋದಳು. ಅಂಗೈಯಲ್ಲಿದ್ದ ಚೂರು ತೋರಿಸಿದಳು.

"ನಿಮ್ಮ ಮಾತು ಖರೇ ಆತು, ಕಾಕಾ."

"ಆಗಬಾರದಿತ್ತವಾ," ಎಂದ ಮುದುಕ.

ಮರುವಾರ ಓಣಿಯ ಮಹಿಳಾ ಮಂಡಳದಲ್ಲಿ ಬೀಬಿಜಾನ ತಾನಾಗಿಯೇ ಎದ್ದು ಇದನ್ನೆಲ್ಲ ಹೇಳಿದಳು. ಪದ್ಮವ್ವ ಎಂಬಾಕೆ, "ಹೋಗಲಿ ಬಿಡವಾ, ದೈವ," ಎಂದಳು. "ದೈವ ಅಲ್ಲಕ್ಕಾ. ತಿಳಿದೋರು ಹೇಳಿದ್ರು, ನಾ ಕೇಳಲಿಲ್ಲ," ಎಂದಳು ಬೀಬಿಜಾನ.

ಅಕ್ಕಂದಿರೇ, ಅಣ್ಣಂದಿರೇ, ಬೆಳ್ಳಿ ಮುಗಿಯಿತು, ಬಂಗಾರ ಮುಗಿಯಿತು, ಈಗಲೇ ಕೊಳ್ಳಿ ಎಂದು ನಿಮಗೂ ಯಾರಾದರೂ ಹೇಳಿಯಾರು. ಕೊಳ್ಳುವ ಮೊದಲು ನಿಮ್ಮ ಓಣಿಯ ಟ್ರಂಕುಗಳನ್ನು ಒಮ್ಮೆ ನೆನೆಯಿರಿ. ಅಂಗಡಿಯ ಮೆಟ್ಟಿಲ ಮೇಲೆ ಕೊಳ್ಳುವವರು ಎಷ್ಟು, ಮಾರುವವರು ಎಷ್ಟು, ನಿಂತು ನೋಡಿ. ನೀವು ತಿರುಗಿ ಮಾರಲು ಹೋದ ದಿನ ಎಷ್ಟು ಮುರಿದುಕೊಳ್ಳುತ್ತಾರೆಂದು ಕೊಳ್ಳುವ ದಿನವೇ ಕೇಳಿ. ಮಕ್ಕಳ ಓದಿಗೆಂದು ಇಟ್ಟದ್ದನ್ನಂತೂ ಇಂಥ ಆಟಕ್ಕೆ ಹಾಕಲೇಬೇಡಿ.

ಇಷ್ಟು ಕೇಳಿಯೂ ನಂಬಿಕೆ ಬರದಿದ್ದರೆ ಖಾನಾಪುರದ ಹೊಳೆ ದಂಡೆಗೆ ಬನ್ನಿ. ನಿಮ್ಮ ಕಾಯಿಲೆಗೆ ಸೂಜಿ ಹಾಕಬೇಕಿದ್ದ ಹುಡುಗಿ ಅಲ್ಲಿ ಕೆಸರು ತೊಳೆಯುತ್ತ ಕೂತಿರುತ್ತಾಳೆ. ಬೆಳ್ಳಿ ಮುಗಿಯಿತೇ ಎಂದು ಕೇಳಿ, ಮರಿಗೆ ತೋರಿಸುತ್ತಾಳೆ.