ಊರೆಲ್ಲ ಹಿಡಿದ ಹಗ್ಗ

ಬೆಳಿಗ್ಗೆ ಭಾರತಿ ಬಟ್ಟೆ ಒಗೆದು ಬಂದಿದ್ದ ಬಂಡೆ ಈಗ ಕಾಣುತ್ತಿರಲಿಲ್ಲ. ಅದು ಇದ್ದ ಕಡೆ ಕೆಂಪು ನೀರು ಸುಳಿ ಹಾಕಿ, ಬುಡಸಮೇತ ಕಿತ್ತು ಬಂದ ಜಾಲಿ ಗಿಡವೊಂದನ್ನು ಗರಗರ ತಿರುಗಿಸಿ ಒಳಗೆ ಎಳೆದುಕೊಂಡಿತು. ಹಣಮಂತಮ್ಮ ಟ್ರಂಕಿನಿಂದ ತೆಗೆದ ಇಳಕಲ್ ಸೀರೆ ಉಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು, ದಂಡೆಯ ಮೇಲೆ ಸುಮ್ಮನೆ ನಿಂತುಬಿಟ್ಟಿದ್ದಳು.

"ಯವ್ವಾ, ಇವತ್ತ ಹೋಗೂದು ಆಗಂಗಿಲ್ಲ ಬೇ," ಎಂದಳು ಮಗಳು ಭಾರತಿ. "ಡ್ಯಾಮಿನ ಗೇಟ ತಗದಾರಂತ. ಫೋನಿಗೆ ಬಂದೈತಿ."

"ಗೇಟ ತಗಿಯಾಕ ಇವತ್ತೇ ಬೇಕಾಗಿತ್ತೇನು ಅವರಿಗೆ?"

"ನಿನ್ನ ಕೇಳಿ ತಗಿಬೇಕಿತ್ತು. ಮೆಂಬರ್ ಅಲ್ಲೇನು ನೀನು?"

ಮಗಳ ಚೇಷ್ಟೆಗೆ ನಗುವ ಸ್ಥಿತಿಯಲ್ಲಿ ತಾಯಿ ಇರಲಿಲ್ಲ. ಮೋನಪ್ಪನ ಗಡ್ಡಿ ಎಂದರೆ ಕೃಷ್ಣೆಯ ನಡುವಿನ ಒಂದು ತುಂಡು ನೆಲ. ಹೊಳೆ ಇಲ್ಲಿ ಎರಡು ಕವಲಾಗಿ ಒಡೆದು, ಗಡ್ಡಿಯನ್ನು ಬಳಸಿ, ಕೆಳಗೆ ಮತ್ತೆ ಕೂಡಿಕೊಳ್ಳುತ್ತದೆ. ಬಡಗಣ ಕವಲಿನ ಆಚೆ ಬಂಡೆಪ್ಪನಹಳ್ಳಿ. ಸುರಪುರ ತಾಲೂಕು, ಯಾದಗಿರಿ ಜಿಲ್ಲೆ. ಗಡ್ಡಿಯೂ ಆ ಊರಿನ ಪಂಚಾಯಿತಿಗೇ ಸೇರಿದ್ದು, ಹಣಮಂತಮ್ಮ ಅದರಲ್ಲಿ ಗಡ್ಡಿಯ ಮೆಂಬರ್. ತೆಂಕಣ ಕವಲಿನ ಆಚೆ ರಾಯಚೂರು ಜಿಲ್ಲೆ. ಅಲ್ಲಿ ನೀರು ಅಗಲವಾದರೂ ಆಳ ಕಡಿಮೆ, ಅಡಿಯಲ್ಲಿ ಕಲ್ಲು ಗಟ್ಟಿ; ಆದರೂ ಹೊಳೆ ತುಂಬಿದಾಗ ಅದನ್ನೂ ದಾಟಲಾಗದು. ಆ ದಂಡೆಯಿಂದ ಗಡ್ಡಿಗೆ ಸೇತುವೆ ಕಟ್ಟುವ ಮಾತು ನಡೆದಿತ್ತು. ಆದರೆ ಆ ಜಿಲ್ಲೆಯವರು ಕಟ್ಟಬೇಕಾದರೆ ಗಡ್ಡಿ ಆ ಜಿಲ್ಲೆಯದಾಗಬೇಕು. ಇರುವಲ್ಲೇ ಇರುತ್ತೀರೋ, ಬಿಟ್ಟು ಆ ಕಡೆ ಸೇರುತ್ತೀರೋ ನೀವೇ ಹೇಳಿ ಎಂದು ಸರ್ಕಾರ ಗಡ್ಡಿಯವರನ್ನು ಕೇಳಿತ್ತು. ಸರ್ಕಾರ ಅವರನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು.

ಹಿಂದಿನ ವಾರ ಬೇವಿನ ಮರದ ಕೆಳಗೆ ಸಭೆ ಕೂಡಿತ್ತು. ಹಣಮಂತಮ್ಮನ ಅತ್ತೆ ಮಲ್ಲಾಬಾಯಿ ಗಡ್ಡಿಗೇ ಹಿರಿಯಳು. ಎಲೆ ಅಡಿಕೆ ಮೆಲ್ಲುತ್ತ ಅವಳು ಅಂದಿದ್ದಳು: "ನಾ ಹುಟ್ಟಿದಾಗ ಇದು ನಿಜಾಮಂದು. ಆಮ್ಯಾಲ ಹೈದ್ರಾಬಾದ್ ಹೋಗಿ ಮೈಸೂರ ಅಂದ್ರು, ಮೈಸೂರ ಹೋಗಿ ಕರ್ನಾಟಕ ಅಂದ್ರು. ಗುಲಬರ್ಗಾ ಜಿಲ್ಲಾ ಅಂತಿದ್ರು, ಅದೂ ಹೋಗಿ ಯಾದಗಿರಿ ಆತು. ನಾವೆಲ್ಲಿ ಯಾರನ್ನ ಬಿಟ್ಟೀವಿ? ಅವೇ ನಮ್ಮನ್ನ ಬಿಟ್ಟ ಬಿಟ್ಟ ಹೋಗ್ಯಾವ." ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆದರೂ, ಬಿಡೋಣ ಎನ್ನುವವರು ಕೈ ಎತ್ತಿರಿ ಎಂದಾಗ ಎಲ್ಲರ ಕೈಯೂ ಮೇಲೆ ಹೋಯಿತು, ಮಲ್ಲಾಬಾಯಿಯದೂ. ಅರ್ಧ ಮಂದಿ ಸೇತುವೆಗಾಗಿ ಎತ್ತಿದ್ದರು. ಇನ್ನರ್ಧ ಮಂದಿ ಹಣಮಂತಮ್ಮನ ಮುಖ ನೋಡಿ ಎತ್ತಿದ್ದರು.

ಎರಡು ವರ್ಷದ ಹಿಂದೆ, ಇಂಥದೇ ನೀರು ಬಂದ ದಿನ, ಅವಳ ಗಂಡ ದೇವಿಂದ್ರನಿಗೆ ಹೊಲದಲ್ಲಿ ಹಾವು ಕಚ್ಚಿತ್ತು. ಗಡ್ಡಿಯವರ ಸಣ್ಣ ಹರಿಗೋಲು ಅಷ್ಟು ನೀರಿಗೆ ತಡೆಯುವಂಥದಲ್ಲ. "ಹುಳ ಮುಟ್ಟೈತಿ, ಲಗೂ ಬರ್ರಿ," ಎಂದು ಬಂಡೆಪ್ಪನಹಳ್ಳಿಯ ಅಂಬಿಗ ಸೂಗಪ್ಪನಿಗೆ ಫೋನು ಮಾಡಿ, ಇದೇ ಜಾಗದಲ್ಲಿ ನಿಂತು ಅವಳು ಕಾದಿದ್ದಳು. ಸೂಗಪ್ಪ ಆಚೆ ದಂಡೆಗೆ ಬಂದ. ಹರಿಗೋಲನ್ನು ನೀರಿಗೆ ನೂಕಿದ. ನೀರನ್ನು ನೋಡಿದ. ಆಮೇಲೆ ಅದನ್ನು ಮೇಲಕ್ಕೆ ಎಳೆದು, ಬೋರಲು ಹಾಕಿ, ಪಕ್ಕದಲ್ಲಿ ತಲೆ ಬಗ್ಗಿಸಿ ಕೂತುಬಿಟ್ಟ. ದೇವಿಂದ್ರ ಪಡಸಾಲೆಯಲ್ಲೇ ಜೀವ ಬಿಟ್ಟ. ಬೋರಲು ಬಿದ್ದ ಆ ಹರಿಗೋಲಿನ ಕರ್ರಗಿನ ಬೆನ್ನು ಹಣಮಂತಮ್ಮನ ಕಣ್ಣಿನಿಂದ ಇನ್ನೂ ಹೋಗಿರಲಿಲ್ಲ. ಬಂಡೆಪ್ಪನಹಳ್ಳಿಯವರ ಎದುರು, ಆ ಸೂಗಪ್ಪನ ಎದುರು ನಿಂತು, ನಿಮ್ಮ ಸಂಗ ನಮಗೆ ಸಾಕು ಎಂದು ಹೇಳಬೇಕು. ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಆ ಮಾತನ್ನು ಎಷ್ಟು ಸಲ ಆಡಿ ನೋಡಿದ್ದಳೋ ಅವಳಿಗೇ ಗೊತ್ತಿಲ್ಲ.

ಹೇಳುವ ದಿನ ಇವತ್ತೇ. ಸುರಪುರದಿಂದ ಅಧಿಕಾರಿ ಬಂಡೆಪ್ಪನಹಳ್ಳಿಗೆ ಬರುತ್ತಾರೆ. ಮೆಂಬರ್ ಖುದ್ದಾಗಿ ಬಂದು ಹೇಳಬೇಕು, ಫೋನಿನ ಮಾತು ನಡೆಯುವುದಿಲ್ಲ. ಬಾರದೇ ಹೋದರೆ ಗಡ್ಡಿ ಇದ್ದಲ್ಲೇ ಇರುತ್ತದೆ. ಗಡ್ಡಿ ಕೈಬಿಟ್ಟು ಹೋಗುವುದು ಬಂಡೆಪ್ಪನಹಳ್ಳಿಯವರಿಗೆ ಬೇಡವಾಗಿತ್ತು, ಅದಕ್ಕೆ ಅವರು ಏನೂ ಮಾಡಬೇಕಾಗಿರಲಿಲ್ಲ. ಕೈಕಟ್ಟಿ ಕೂತರೆ ಸಾಕು, ಹೊಳೆಯೇ ಅವರ ಪರವಾಗಿ ನಿಂತಿತ್ತು.

"ಅಲ್ಲಿ ನೋಡ ಬೇ," ಎಂದಳು ಭಾರತಿ.

ಆಚೆ ದಂಡೆಯಲ್ಲಿ ಜನ ಸೇರುತ್ತಿದ್ದರು. ಈ ಕವಲು ಕಿರಿದು. ಜೋಳದ ಹೊಲ ಕಾಯುವವರು ಕವಣೆ ಬೀಸಿದರೆ ಕಲ್ಲು ಆಚೆ ಹೋಗಿ ಬೀಳುವಷ್ಟು. ಆದರೆ ಹೊಳೆಯ ಸಿಟ್ಟೆಲ್ಲ ಇಲ್ಲೇ.

"ಬಂದ್ರು ನೋಡು, ನಗಾಕ," ಎಂದಳು ಹಣಮಂತಮ್ಮ. "ಕುಂತಲ್ಲೇ ಗೆದ್ದ್ರಲ್ಲ."

ನಗಲು ಬಂದವರು ಹೆಗಲ ಮೇಲೆ ಏನೇನೋ ಹೊತ್ತು ತರುತ್ತಿದ್ದರು. ನೆಲಕ್ಕೆ ಚೆಲ್ಲಿ, ಸುತ್ತ ಕೂತು, ತಲೆ ಬಗ್ಗಿಸಿ ಏನೋ ಕೆಲಸ ಹಚ್ಚಿದರು. ಗಂಡಸರು ಬಂದರು, ಹೆಂಗಸರು ಬಂದರು, ಶಾಲೆ ಬಿಟ್ಟು ಮಕ್ಕಳೂ ಬಂದವು. ಬಹಳ ಹೊತ್ತಿನ ಮೇಲೆ ಅವರು ಎದ್ದು ನಿಂತಾಗ, ಮೇಲುಗಡೆಯ ದೊಡ್ಡ ಹುಣಸೆ ಮರದಿಂದ ಹಿಡಿದು ದಂಡೆಯ ಉದ್ದಕ್ಕೂ ಅವರ ಕೈಯಲ್ಲಿ ಒಂದೇ ಹಗ್ಗವಿತ್ತು. ಅದರ ತುದಿಯಲ್ಲಿ ಹರಿಗೋಲು. ಹರಿಗೋಲಿನಲ್ಲಿ ಸೂಗಪ್ಪ.

ಭಾರತಿ ತಾಯಿಯ ಸೆರಗು ಹಿಡಿದುಕೊಂಡಳು. ಹರಿಗೋಲು ನೀರಿಗೆ ಇಳಿದದ್ದೇ ಒಂದು ಸುತ್ತು ತಿರುಗಿತು. ಹಗ್ಗ ಬಿಗಿಯಿತು. ದಂಡೆಯ ಸಾಲು ಪೂರ್ತಿ ಒಂದು ಹೆಜ್ಜೆ ಮುಂದಕ್ಕೆ ಜಗ್ಗಿತು; ಮತ್ತೆ ಕಾಲೂರಿ ನಿಂತಿತು. ಸೂಗಪ್ಪ ಮಂಡಿಯೂರಿ ಹುಟ್ಟು ಹಾಕುತ್ತಲೇ ಇದ್ದ. ಅವನ ಕಡೆಗೊಂದು ಮರದ ದಿಮ್ಮಿ ತೇಲಿ ಬಂದಾಗ ಆಚೆಯಿಂದ ಊರೆಲ್ಲ ಕೂಗಿದ್ದು ನೀರಿನ ಸದ್ದಿನಲ್ಲಿ ಕೇಳಿಸಲಿಲ್ಲ, ಬಾಯಿ ತೆರೆದದ್ದು ಮಾತ್ರ ಕಂಡಿತು. ದಿಮ್ಮಿ ಹರಿಗೋಲಿನ ಅಂಚು ಸವರಿಕೊಂಡು ಹೋಯಿತು. ಹಣಮಂತಮ್ಮ ಎರಡು ವರ್ಷ ಶಾಪ ಹಾಕಿದ ಮನುಷ್ಯ ಮುಳುಗದಿರಲಿ ಎಂದು ತಾನೇ ಕೈ ಮುಗಿದು ನಿಂತಿದ್ದು ಅವಳ ಗಮನಕ್ಕೇ ಬರಲಿಲ್ಲ.

ಗಡ್ಡಿಗೆ ಹತ್ತಿದಾಗ ಸೂಗಪ್ಪ ನೆನೆದು ತೊಪ್ಪೆಯಾಗಿದ್ದ. ತಲೆಯ ವಸ್ತ್ರ ಬಿಚ್ಚಿ ಹಿಂಡಿ ಮತ್ತೆ ಸುತ್ತಿಕೊಂಡು, ಅವಳ ಕಡೆ ನೋಡದೆ ಹೇಳಿದ: "ಹತ್ತು ತಂಗೆವ್ವಾ. ಮೇಡಂ ಬಂದು ಕುಂತಾರ."

"ಯಾರ ಕಳಿಸಿದ್ರು ನಿನ್ನ?"

"ಊರಾಗ ಕೂತು ಮಾತಾಡಿದ್ರು. ಅಧ್ಯಕ್ಷರು ಮರಿಲಿಂಗಪ್ಪನವರು, ಹೊಳಿ ಅಡ್ಡ ಬಂದು ನಾವು ಗೆಲ್ಲೂದು ಬ್ಯಾಡ್ರೋ, ಅವರ ಮಾತು ಅವರು ಹೇಳ್ಲಿ ಅಂದ್ರು. ಮನಿಗೊಂದು ಹಗ್ಗ ತಂದೀವಿ. ನಿನ್ನ ವಾಪಸ್ ಬಿಟ್ಟಮ್ಯಾಲ ಅವರವರದು ಅವರು ಬಿಚ್ಚಿಗೊಂಡು ಹೋಗ್ತಾರ. ಎತ್ತು ಕಟ್ಟಬೇಕಲ್ಲ."

"ನಾ ಏನು ಹೇಳಾಕ ಬರಾಕತ್ತೀನಿ, ಗೊತ್ತೈತೇನು?"

"ಊರಿಗೆಲ್ಲ ಗೊತ್ತೈತಿ."

ಅವಳಿಗೆ ತಡೆಯಲಾಗಲಿಲ್ಲ. "ಅವತ್ತ ಯಾಕ ಬರಲಿಲ್ಲ?"

ಸೂಗಪ್ಪ ನೀರಿನ ಕಡೆ ನೋಡಿದ. "ಅಂಜಿದೆ," ಎಂದ. ಹುಟ್ಟಿನಿಂದ ಹಗ್ಗದ ಕಡೆ ತೋರಿಸಿದ. "ಇವತ್ತೂ ಅಂಜೀನಿ, ನೋಡು. ಅವತ್ತ ನಾ ಯಾರನ್ನೂ ಕರೀಲಿಲ್ಲ ತಂಗೆವ್ವಾ. ಒಬ್ಬಾವನ ನಿಂತು, ಒಬ್ಬಾವನ ಅಂಜಿ, ಹರಗೋಲ ಮ್ಯಾಲ ಎಳಕೊಂಡೆ."

ಇದಕ್ಕೆ ಏನು ಹೇಳಬೇಕೆಂದು ಒಲೆಯ ಮುಂದೆ ಅವಳು ಆಡಿ ನೋಡಿರಲಿಲ್ಲ. ಮಲ್ಲಾಬಾಯಿ ಕೋಲೂರಿಕೊಂಡು ಹತ್ತಿರ ಬಂದು ನಿಂತಿದ್ದಳು. ಸೂಗಪ್ಪ ಹೇಳಿದ್ದೆಲ್ಲ ಆ ಮುದುಕಿಗೆ ಕೇಳಿಸಿತ್ತು. ಸತ್ತವನು ಅವಳ ಮಗ. "ಹತ್ತವಾ," ಎಂದಳು ಸೊಸೆಗೆ. "ಹೇಳೂದು ಹೇಳಿ ಬಾ."

ಹರಿಗೋಲಿನಲ್ಲಿ ಹಣಮಂತಮ್ಮ ಎಂದೂ ಅಂಜಿದವಳಲ್ಲ. ಹುಟ್ಟಿದ್ದು, ಬೆಳೆದಿದ್ದು, ಮದುವೆಯಾಗಿ ಬಂದದ್ದು ಎಲ್ಲ ಹೊಳೆಯ ದಂಡೆಯಲ್ಲೇ. ಆದರೆ ಇಷ್ಟು ನೀರಿನ ಮೇಲೆ ಕೂತದ್ದು ಇದೇ ಮೊದಲು. ಡಾಂಬರು ಬಳಿದ ತಾಡಪತ್ರಿಯ ಅಡಿಯಲ್ಲಿ ಹೊಳೆ ಓಡುವುದು ಅವಳ ಅಂಗಾಲಿಗೆ ಗೊತ್ತಾಗುತ್ತಿತ್ತು. ನಡುನೀರಿಗೆ ಬಂದಾಗ ಸದ್ದು ಎಷ್ಟು ದೊಡ್ಡದಾಯಿತೆಂದರೆ ಸದ್ದೇ ಇಲ್ಲದ ಹಾಗೆ ಅನಿಸಿತು. ತಿರುಗಿ ನೋಡಿದಳು. ತನ್ನ ಗಡ್ಡಿ, ಬೇವಿನ ಮರ, ಮನೆಗಳು, ದೇವಿಂದ್ರನನ್ನು ಮಣ್ಣು ಮಾಡಿದ ದಿಬ್ಬ, ಎಲ್ಲ ಒಂದು ಮೊರದಲ್ಲಿ ಇಡುವಷ್ಟೇ ಇತ್ತು. ಅಷ್ಟು ಚಿಕ್ಕದನ್ನು ಈ ನೀರು ಇಷ್ಟು ವರ್ಷ ಮುಳುಗಿಸದೆ ಬಿಟ್ಟಿದೆಯಲ್ಲ ಎಂದು ಅವಳಿಗೆ ಮೈ ಜುಮ್ಮೆಂದಿತು.

ಮುಂದೆ ನೋಡಿದಳು. ಹಗ್ಗ ನೀರಿನಿಂದ ಎದ್ದು ಎದ್ದು ಬರುತ್ತಿತ್ತು. ಪುಂಡಿ ನಾರಿನ ಹಗ್ಗಕ್ಕೆ ನೀಲಿ ನೈಲಾನು, ನೈಲಾನಿಗೆ ಬಾವಿಯ ಹಗ್ಗ, ಅದಕ್ಕೆ ಕಾರಹುಣ್ಣಿಮೆಗೆ ಎತ್ತಿಗೆ ಕಟ್ಟುವ ಬಣ್ಣದ ಹಗ್ಗ, ಎಲ್ಲ ಗಂಟು ಗಂಟು. ಒಂದೊಂದು ಗಂಟು ನೀರಿನಿಂದ ಮೇಲೆ ಬಂದಾಗಲೂ ಇದು ಬಿಚ್ಚಿತು ಎಂದುಕೊಳ್ಳುತ್ತಿದ್ದಳು, ಗಂಟು ಬಿಚ್ಚುತ್ತಿರಲಿಲ್ಲ. ಅದರ ಆಚೆ ತುದಿಯಲ್ಲಿ ಊರಿಗೆ ಊರೇ ಹಿಂದಕ್ಕೆ ವಾಲಿ, ಹಿಮ್ಮಡಿ ಕೆಸರಿನಲ್ಲಿ ಹೂತು, ಅವಳನ್ನು ಎಳೆಯುತ್ತಿತ್ತು. ಹೊಳೆ ದೊಡ್ಡದೋ ಈ ಜನ ದೊಡ್ಡವರೋ, ಅವಳಿಗೆ ತಿಳಿಯದೆ ಹೋಯಿತು. ಅಷ್ಟು ದೊಡ್ಡದನ್ನು ಅವಳು ಜೀವಮಾನದಲ್ಲಿ ಕಂಡಿರಲಿಲ್ಲ.

ಅಧಿಕಾರಿ ಪರಿಮಳಾ ಮೇಡಂ ಪಂಚಾಯಿತಿ ಕಟ್ಟೆ ಬಿಟ್ಟು ಹುಣಸೆ ಮರದ ಕೆಳಗೇ ಬಂದಿದ್ದರು. ಹಣಮಂತಮ್ಮ ದಂಡೆಗೆ ಕಾಲಿಟ್ಟದ್ದೇ ತಮ್ಮ ಕುರ್ಚಿಯನ್ನು ಅವಳ ಕಡೆ ಸರಿಸಿದರು.

"ಕೂತ್ಕೊಳ್ಳಿ ಅಮ್ಮ. ಸುಧಾರಿಸಿಕೊಳ್ಳಿ. ಆಮೇಲೆ ಹೇಳಿ, ಗಡ್ಡಿಯವರ ತೀರ್ಮಾನ ಏನು?"

ಹಣಮಂತಮ್ಮ ಕೂರಲಿಲ್ಲ. ಎದುರಿಗೆ ಹಗ್ಗ ಕೆಳಗಿಟ್ಟು ಉಸಿರು ಬಿಡುತ್ತಿದ್ದ ಜನ. ಮರಿಲಿಂಗಪ್ಪನವರ ಧೋತರ ಮಂಡಿಯವರೆಗೆ ಕೆಸರಾಗಿತ್ತು. ಒಬ್ಬ ಹೆಣ್ಣುಮಗಳು ಅಂಗೈ ಊದಿಕೊಳ್ಳುತ್ತಿದ್ದಳು. ಹಗ್ಗ ಜಗ್ಗಿ ಚರ್ಮ ಸುಲಿದಿತ್ತು. ಹಣಮಂತಮ್ಮ ಆ ಅಂಗೈಯನ್ನೇ ನೋಡಿದಳು. ಇರುತ್ತೇವೆ ಎಂದುಬಿಡಲೇ? ಗಡ್ಡಿಯ ಅರ್ಧ ಕೈಗಳು ಎದ್ದದ್ದು ಅವಳಿಗಾಗಿಯೇ. ಅವಳು ಏನೆಂದರೂ ಆ ಕೈಗಳು ಬೇಡವೆನ್ನುವುದಿಲ್ಲ. ಆದರೆ ಮಿಕ್ಕ ಅರ್ಧ? ನೀರು ಬಂದಾಗಲೆಲ್ಲ ಶಾಲೆಗೆ ಹೋಗದೆ ದಂಡೆಯಲ್ಲಿ ನಿಲ್ಲುವ ಭಾರತಿ? ಮುಂದಿನ ಸಲ ಹಾವು ಕಚ್ಚಿಸಿಕೊಳ್ಳುವವನು?

"ಬಿಟ್ಟ ಹೋಗತೀವ್ರಿ," ಎಂದಳು. ಧ್ವನಿ ತಾನು ಅಂದುಕೊಂಡಿದ್ದಕ್ಕಿಂತ ಸಣ್ಣಗೆ ಬಂತು. "ಗಡ್ಡಿ ಮಂದಿ ಎಲ್ಲಾರೂ ಹೇಳ್ಯಾರ. ಆ ಕಡಿ ಸೇರತೀವಿ."

ಮೇಡಂ ಬರೆದುಕೊಂಡು ಸಹಿಗೆ ಪೆನ್ನು ಚಾಚಿದರು. ಹಣಮಂತಮ್ಮ ಪೆನ್ನು ಹಿಡಿದು ಜನರ ಕಡೆ ತಿರುಗಿದಳು. "ಸಿಟ್ಟೀಲೆ ಅಲ್ರಿ," ಎಂದಳು. "ಸಿಟ್ಟಿತ್ತು. ಸಿಟ್ಟ ಇಟಗೊಂಡೇ ಮನಿ ಬಿಟ್ಟಿದ್ದೆ. ಈಗ ದಾರಿ ಸಲುವಾಗಿ ಹೇಳಾಕತ್ತೀನಿ. ನಮ್ಮ ಹುಡುಗ್ರಿಗೆ ಒಂದು ದಾರಿ ಬೇಕ್ರಿ." ಅಷ್ಟು ಹೇಳುವಷ್ಟರಲ್ಲಿ ಅವಳಿಗೆ ಅಳು ಬಂತು. ಅಳುತ್ತಲೇ ಸಹಿ ಮಾಡಿದಳು.

ಮರಿಲಿಂಗಪ್ಪನವರು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಒರೆಸಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡರು. "ಆತು ಬಿಡವಾ," ಎಂದರು ಕಡೆಗೆ. "ಬ್ರಿಜ್ ಆದಮ್ಯಾಲ ನಾವೂ ಬಂದು ಒಂದು ಸಲ ದಾಟಿ ನೋಡತೀವಿ. ಬ್ಯಾಡ ಅಂತೀರೇನು?" ಯಾರೋ ಮೂಗು ಸೀನಿಕೊಂಡು ನಕ್ಕರು. ಮರಿಲಿಂಗಪ್ಪನವರು ಆಕಾಶ ನೋಡಿ, ಊರಿನವರ ಕಡೆ ತಿರುಗಿದರು. "ಹೊತ್ತ ಮುಳಗಾಕ ಬಂತು. ಮನ್ಯಾಗ ಹುಡುಗಿ, ಮುದುಕಿ ಇಬ್ಬರೇ ಅದಾರ. ಹಿಡೀರಿ."

ಅವರು ಹಿಡಿದರು. ಅಂಗೈ ಸುಲಿದ ಹೆಣ್ಣುಮಗಳು ಸೆರಗಿನ ತುದಿಯನ್ನು ಕೈಗೆ ಸುತ್ತಿಕೊಂಡು ಸಾಲಿನಲ್ಲಿ ತನ್ನ ಜಾಗಕ್ಕೆ ಹೋಗಿ ನಿಂತಳು.

ಸೂಗಪ್ಪ ಅವಳನ್ನು ಗಡ್ಡಿಯ ದಂಡೆಗೆ ತಲುಪಿಸಿದ. ಇಳಿದ ಮೇಲೆ ಅವಳು, "ಹುಷಾರೀಲೆ ಹೋಗಣ್ಣಾ," ಎಂದಳು. ಅವನು ತಲೆಯಾಡಿಸಿ ಹುಟ್ಟು ಊರಿದ. ಭಾರತಿ ಬಂದು ತಾಯಿಯ ಸೊಂಟ ತಬ್ಬಿಕೊಂಡಳು. ಸೊಸೆ ಏನು ಹೇಳಿ ಬಂದಳೆಂದು ಮಲ್ಲಾಬಾಯಿ ಕೇಳಲಿಲ್ಲ. ಮೂವರೂ ಹರಿಗೋಲು ಆಚೆ ಮುಟ್ಟುವವರೆಗೂ ಕಾದರು. ಅದು ಮುಟ್ಟಿತು. ಸೂಗಪ್ಪ ಇಳಿದದ್ದು ಕಂಡಿತು. ಅಲ್ಲಿಯ ಮಂದಿ ಒಬ್ಬೊಬ್ಬರೇ ಎದ್ದು ಊರಿನ ಕಡೆ ನಡೆದರು. ಎಲ್ಲರ ಕೈಯೂ ಬರಿದಾಗಿತ್ತು.

"ಮನಿಗೆ ನಡಿ ಬೇ," ಎಂದಳು ಭಾರತಿ. ಹಣಮಂತಮ್ಮ ಕದಲಲಿಲ್ಲ. ಸೂಗಪ್ಪ ಹರಿಗೋಲಿನ ಅಂಚಿಗೆ ಕೈ ಹಾಕಿದ್ದ. ಇನ್ನೇನು ಬೋರಲು ಹಾಕುತ್ತಾನೆ ಎಂದು ಅವಳು ಉಸಿರು ಹಿಡಿದು ನೋಡಿದಳು. ಅವನು ಅದನ್ನು ಸ್ವಲ್ಪ ಮೇಲಕ್ಕೆ ಎಳೆದು, ಕೆಳಗೊಂದು ಕಲ್ಲು ಕೊಟ್ಟು, ಹೊರಟುಹೋದ. ಬೆಳಕು ಇರುವ ತನಕ ಅವಳಿಗೆ ಅದು ಕಾಣುತ್ತಿತ್ತು: ನೀರಿನ ಪಕ್ಕದಲ್ಲಿ ಬಾಯಿ ಮೇಲಾಗಿ ಕೂತ ಹರಿಗೋಲು, ಅದರ ಅಂಚಿನಿಂದ ಹುಣಸೆ ಮರದ ತನಕ ಬಿಚ್ಚದೆ ಬಿದ್ದಿದ್ದ ಹಗ್ಗ.