ಹಸಿರು ಗೆರೆಯ ದಾರಿ

ನಮ್ಮ ಫ್ರೀಸ್‌ಲ್ಯಾಂಡಿನಲ್ಲಿ ಬೆಟ್ಟವೆಂಬುದೇ ಇಲ್ಲ. ಎತ್ತರವೆಂದರೆ ಸಮುದ್ರ ತಡೆಯುವ ಏರಿ. ಹತ್ತಿದರೆ ಕುರಿ, ಇಳಿದರೆ ಕುರಿ. ಬೈಕಿನಲ್ಲಿ ಎಷ್ಟು ದೂರ ಹೋದರೂ ಹ್ಯಾಂಡಲ್ ತಿರುಗಿಸುವ ಪ್ರಸಂಗ ಕಡಿಮೆ. ಅದಕ್ಕೇ ಏನೋ, ನನ್ನ ಗಂಡ ಡೌವನಿಗೆ ತಿರುವುಗಳೆಂದರೆ ಪ್ರಾಣ.

ಹನ್ನೊಂದು ಚಳಿಗಾಲಗಳಿಂದ ಭಾನುವಾರ ಮಧ್ಯಾಹ್ನ ನಾವಿಬ್ಬರೂ ಅಡುಗೆಮನೆಯ ಮೇಜಿನ ಮೇಲೆ ಪ್ರವಾಸ ಹೋಗುತ್ತೇವೆ. ನಕ್ಷೆ ಹರಡುತ್ತೇವೆ. ಕಣ್ಣಿಗೆ ಹಬ್ಬವಾಗುವ ರಸ್ತೆಗಳ ಪಕ್ಕ ಅದರಲ್ಲಿ ಹಸಿರು ಗೆರೆ ಇರುತ್ತದೆ. ಡೌವ ಆ ಗೆರೆಯ ಮೇಲೆ ಬೆರಳಿಟ್ಟು ನಿಧಾನ ಹೊರಡುತ್ತಾನೆ. ಮೊಸೆಲ್ ನದಿಯ ದಂಡೆ, ದ್ರಾಕ್ಷಿ ತೋಟಗಳು, ಕಪ್ಪು ಕಾಡು ಎಂಬ ಜರ್ಮನ್ ಬೆಟ್ಟಸಾಲಿನ ನೆತ್ತಿ, ಆಮೇಲೆ ಸ್ವಿಟ್ಜರ್ಲೆಂಡಿನ ಸುಸ್ಟೆನ್ ಘಾಟಿ. "ಇಲ್ಲಿ ಗೇರ್ ಇಳಿಸ್ಬೇಕು" ಎನ್ನುತ್ತಾನೆ. ನಾನು ಸಕ್ಕರೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತ, ಹಿಂದಿನ ಸೀಟಿನಲ್ಲಿ ಕೂತವಳಂತೆ ಅವನ ಭುಜಕ್ಕೆ ವಾಲುತ್ತೇನೆ. ಕಿಟಕಿಯಾಚೆ ಮಂಜು ಮುಸುಕಿದ ಹುಲ್ಲುಗಾವಲು, ಮೇಜಿನ ಮೇಲೆ ಹಿಮದ ಬೆಟ್ಟ. ಆ ಹೊತ್ತು ನನಗೆ ತುಂಬಾ ಸುಖ, ಸುಳ್ಳೇಕೆ ಹೇಳಲಿ.

ಆದರೆ ಒಮ್ಮೆಯೂ ಹೋಗಲಿಲ್ಲ. ಡೌವನದು ದೋಣಿ ಬಂದಾಗ ದಾರಿ ಬಿಡಲು ಕಾಲುವೆಯ ಸೇತುವೆ ಎತ್ತುವ ಕೆಲಸ. ಹಿಮ ಕರಗಿ ಘಾಟಿಗಳು ತೆರೆಯುವುದು ಬೇಸಿಗೆಯಲ್ಲಿ. ಅದೇ ಬೇಸಿಗೆಯಲ್ಲಿ ಊರಿನ ದೋಣಿಗಳೆಲ್ಲ ಅವನ ಸೇತುವೆಯ ಮುಂದೆ ಸಾಲು ನಿಲ್ಲುವುದು. ರಜೆ ಸಿಗುತ್ತಿರಲಿಲ್ಲ. ಊರವರನ್ನೆಲ್ಲ ದಾಟಿಸಿ ತಾನು ದಡದಲ್ಲೇ ಉಳಿದ ಮನುಷ್ಯ.

ಈ ಫೆಬ್ರವರಿಯಲ್ಲಿ ನಿವೃತ್ತನಾದ. ನನಗೆ ಸೆಪ್ಟೆಂಬರಿನಲ್ಲಿ ಸೊಂಟದ ಕೀಲು ಬದಲಿಸುತ್ತಾರೆ. ಆಮೇಲೆ ಬೈಕಿನ ಹಿಂದೆ ಕೂರುವ ಆಸೆ ಬಿಟ್ಟುಬಿಡಿ ಎಂದು ಡಾಕ್ಟರು ಮುಖಕ್ಕೇ ಹೇಳಿದ್ದಾರೆ. ಉಳಿದಿರುವುದು ಈ ಒಂದೇ ಬೇಸಿಗೆ. ಜುಲೈಯಲ್ಲಿ ಆರು ದಿನ ಎಂದು ಮಾತಾಯಿತು.

ಕಳೆದ ಭಾನುವಾರ ನೋಡಿದರೆ ಆರು ದಿನ ಹದಿನಾಲ್ಕಾಗಿತ್ತು. ನಕ್ಷೆಯ ಮೇಲೆ ಪೆನ್ಸಿಲಿನಲ್ಲಿ ಇಟಲಿ ಸೇರಿತ್ತು, ಸ್ಲೊವೇನಿಯ ಸೇರಿತ್ತು.

"ಇದೇನೋ ಇದು?" ಎಂದೆ.

"ಅಷ್ಟು ದೂರ ಹೋದ್ಮೇಲೆ ಇದನ್ನ ಬಿಟ್ಟು ಬರೋಕಾಗತ್ತಾ, ರಿನ್ಸ್ಕೆ? ಈ ವರ್ಷ ಕಷ್ಟ ಅಂದ್ರೆ ಮುಂದಿನ ವರ್ಷ ಇಟ್ಕೊಳ್ಳೋಣ. ಅವಸರ ಏನು?"

"ಆ ಮಾತನ್ನ ನನ್ನ ಸೊಂಟಕ್ಕೆ ಹೇಳು. ಹನ್ನೊಂದು ವರ್ಷದಿಂದ ಕುಲಾವಿ ಹೊಲೀತಾನೇ ಇದೀಯ ಮಾರಾಯ, ಕೂಸು ಎಲ್ಲಿ?"

ಅವನು ನಗಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ರಬ್ಬರು ತೆಗೆದುಕೊಂಡು ಸ್ಲೊವೇನಿಯ ಅಳಿಸಿದೆ, ಇಟಲಿ ಅಳಿಸಿದೆ. ಅವನ ಪೆನ್ಸಿಲ್ ಗುರುತುಗಳೆಲ್ಲ ಪುಡಿಯಾಗಿ ಬ್ರೆಡ್ಡಿನ ತಟ್ಟೆಗೆ ಬಿದ್ದವು. ಡೌವ ತಡೆಯಲಿಲ್ಲ. ಸುಸ್ಟೆನ್ ಒಂದೇ ಉಳಿದಾಗ ನನ್ನ ಕೈ ಹಿಡಿದ.

"ಅಲ್ಲಿಗೆ ಹೋಗಿ, ಅದು ಬರೀ ರಸ್ತೆ ಆಗ್ಬಿಟ್ರೆ?" ಎಂದ. "ಮಳೆ, ಬಸ್ಸು, ಹೊಗೆ. ಆಮೇಲೆ ಚಳಿಗಾಲದಲ್ಲಿ ಈ ಮೇಜಿನ ಹತ್ರ ಕೂತು ನಾವೇನ್ ಮಾಡೋದು, ಹೇಳು."

ನನ್ನ ಸಿಟ್ಟು ಇಳಿದುಹೋಯಿತು. ಈ ಭಯ ನನಗೂ ಇತ್ತು, ಹೇಳಿಕೊಂಡಿರಲಿಲ್ಲ ಅಷ್ಟೆ.

"ಬರೀ ರಸ್ತೆ ಆದ್ರೆ ಇಬ್ರೂ ಕೂತು ಬೈಯೋಣ. ಒಂದು ಚಳಿಗಾಲ ಅದಕ್ಕೇ ಬೇಕಾಗತ್ತೆ. ಆದ್ರೆ ನಿನ್ನ ಬೆನ್ನಿಗೆ ಅಂಟ್ಕೊಂಡು ಒಂದ್ಸಲ ನಾನು ಅಲ್ಲಿ ಹತ್ಬೇಕು ಕಣೋ. ಬೆರಳಲ್ಲಿ ಹತ್ತಿ ಹತ್ತಿ ಸಾಕಾಯ್ತು."

ಅವನು ಕನ್ನಡಕ ಏರಿಸಿಕೊಂಡು ಘಾಟಿಯ ಬುಡದಲ್ಲಿರುವ ಒಂದು ವಸತಿಗೃಹಕ್ಕೆ ಫೋನು ಮಾಡಿದ. ನನಗೂ ಕೇಳಲಿ ಎಂದು ಸ್ಪೀಕರ್ ಹಾಕಿದ. ಹೆಂಗಸಿನ ದನಿ, ಹಿಂದೆ ಪಾತ್ರೆಗಳ ಸದ್ದು. ಜುಲೈ ಐದು, ಎರಡು ರಾತ್ರಿ, ಇಬ್ಬರು, ಒಂದು ಬೈಕು. ಅವನ ಶಾಲೆಯ ಕಾಲದ ಜರ್ಮನ್ ತಡವರಿಸುತ್ತಿತ್ತು.

"ತಿರುವು ಜಾಸ್ತಿ ಇಲ್ಲಿ, ನಿಧಾನ ಬನ್ನಿ," ಎಂದಳು ಆಕೆ. "ನಮ್ಮ ಕಡೆ ಮುಂಚೆ ಬಂದಿದ್ರಾ?"

ಆ ದಾರಿಯನ್ನು ಕಣ್ಣು ಮುಚ್ಚಿ ಒಪ್ಪಿಸಬಲ್ಲವನು ಡೌವ. ನನ್ನ ಕಡೆ ನೋಡಿದ. ಅವನ ಕಣ್ಣು ತುಂಬಿತ್ತು.

"ಇಲ್ಲಮ್ಮ," ಎಂದ. "ಒಂದ್ಸಲಾನೂ ಬಂದಿಲ್ಲ."